ಕಲ್ಲು ಅಗಿಯುವ ಊರಿಗೆ ನನ್ನ ಸುತ್ತಿಗೆ

ಜಾವಗಲ್

ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ ಅಂತ ಗೊತ್ತಾದ ಮೇಲೆ ಜಾವಗಲ್ಲಿನಲ್ಲಿ ಎಲ್ಲರೂ ಕೇಳುವುದು ಒಂದೇ. ಸಿಂಹ ನೋಡಿದಿರಾ? ನೋಡಲಿಲ್ಲ. ಆನೆ? ಆನೆ ಬೇಲೂರಿನ ಕಡೆಯೇ ತೋಟಕ್ಕೆ ನುಗ್ಗುತ್ತವೆ, ಅದಕ್ಕೆ ವಿಮಾನ ಹತ್ತಬೇಕೇ? ನಾನು ನೋಡಿದ್ದು ಕಲ್ಲು ಅಗಿಯುವ ಯಂತ್ರ. ಹಾಗಂದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವವಳಂತೂ, "ಅಯ್ಯೋ, ಅಷ್ಟ್ ದೂರ ಹೋಗಿ ಜಲ್ಲಿ ಕ್ರಷರ್ ನೋಡ್ಕಂಡ್ ಬಂದ್ರಾ? ಅರಸೀಕೆರೆ ರಸ್ತೇಲೇ ಐತಲ್ಲ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ. ಬರೆದಿಟ್ಟರೆ ಓದುವವರು ಓದಿಕೊಳ್ಳಲಿ.

ಕಲ್ಲು ಒಡೆಯುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಗಂಡ ತೀರಿಕೊಂಡ ಮೇಲೆ, ಮಗಳು ರತ್ನ ಇನ್ನೂ ಕಂಕುಳ ಕೂಸಾಗಿದ್ದಾಗ, ಹಳೇಬೀಡು ರಸ್ತೆಗೆ ಜಲ್ಲಿ ಹೊಡೆದವಳು ನಾನು. ದೊಡ್ಡ ಬಂಡೆಯನ್ನು ಗಂಡಸರು ಸಿಡಿಸಿ ತಂದು ಸುರಿಯುತ್ತಿದ್ದರು. ನಾವು ಹೆಂಗಸರು ರಸ್ತೆ ಪಕ್ಕ ಕೂತು, ಹಳೆಯ ಟೈರಿನಿಂದ ಕತ್ತರಿಸಿದ ಬಳೆಯೊಳಗೆ ಕಲ್ಲಿಟ್ಟು, ಚೂರು ಹಾರಿ ಕಣ್ಣಿಗೆ ಬೀಳದ ಹಾಗೆ ಹಿಡಿದು ಕುಟ್ಟುತ್ತಿದ್ದೆವು. ಆ ಕೂಲಿಯಲ್ಲೇ ರತ್ನ ಶಾಲೆ ಮುಗಿಸಿದಳು, ಹಾಸನದಲ್ಲಿ ಡಿಪ್ಲೊಮಾ ಓದಿದಳು. ಇದರಲ್ಲಿ ಅಳುವಂಥದ್ದು ಏನೂ ಇಲ್ಲ. ಬೇರೆ ಕೆಲಸ ಇರಲಿಲ್ಲ, ಇದ್ದ ಕೆಲಸ ಮಾಡಿದೆ.

ಆ ಸುತ್ತಿಗೆಯ ತಲೆ ಆಮೇಲೂ ನನ್ನ ಹತ್ತಿರವೇ ಇತ್ತು. ಹಿಡಿ ಎಷ್ಟೋ ಸಲ ಮುರಿದು, ಕಡೆಗೆ ಬರೀ ಕಬ್ಬಿಣ ಉಳಿದಿತ್ತು. ಪ್ರತಿ ವರ್ಷ ಆಯುಧಪೂಜೆಯ ದಿನ ಅದನ್ನು ಹುಣಸೇಹಣ್ಣು ಹಾಕಿ ತಿಕ್ಕಿ, ವಿಭೂತಿ ಕುಂಕುಮ ಇಟ್ಟು, ದೇವರ ಮುಂದೆ ಇಡುತ್ತಿದ್ದೆ. ಪೂಜೆಯಾದ ಆಯುಧವನ್ನು ಅವತ್ತು ಯಾರೂ ಎತ್ತುವಂತಿಲ್ಲ. ಮಾರನೆಯ ದಿನ ಇನ್ನೊಮ್ಮೆ ಕೈಮುಗಿದು, ಆಮೇಲೆ ಎತ್ತಿ ಒಳಗಿಡಬೇಕು. ಆಯುಧಕ್ಕೂ ಒಂದು ದಿನ ರಜಾ ಬೇಡವೇ? ನಮ್ಮ ಮನೆಯಲ್ಲಿ ಮೊದಲಿಂದ ಹಾಗೇ.

ರತ್ನಳ ಗಂಡ ಗಣಿತದ ಮೇಷ್ಟ್ರು. ಜಾಂಬಿಯಾ ದೇಶದ ಒಂದು ತಾಮ್ರದ ಗಣಿಯ ಊರಿನಲ್ಲಿ ಅವರಿಗೆ ಶಾಲೆಯ ಕೆಲಸ ಸಿಕ್ಕಿತು. ಜೊತೆಗೆ ಹೋದ ರತ್ನಳಿಗೆ ಅದೇ ಗಣಿಯಲ್ಲಿ, ಕಲ್ಲು ಪುಡಿ ಮಾಡುವ ಕಡೆ, ಕೆಲಸವಾಯಿತು. ಅಲ್ಲೇ ಒಂದು ಹೆಣ್ಣು ಕೂಸೂ ಆಯಿತು. ಕೂಸು ನೋಡಿಕೊಳ್ಳಲು ಬಾ ಎಂದು ರತ್ನ ಫೋನ್ ಮಾಡಿದಳು.

"ದಸರಾ ಅಲ್ಲೇ ಆಗೋದಾದ್ರೆ ಸುತ್ತಿಗೆ ತತ್ತೀನಿ" ಎಂದೆ.

"ಅವ್ವಾ, ಇಲ್ಲಿ ಕಬ್ಬಿಣ ಏನು ಕಮ್ಮಿ ಐತಾ?"

"ಅದು ನಿಮ್ಮ ಕಬ್ಬಿಣ. ಇದು ನಂದು."

ಬೆಂಗಳೂರಿನಿಂದ ಎನ್ಡೋಲಾ

ಸುತ್ತಿಗೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಚೀಲವನ್ನು ಒಂದು ಪೆಟ್ಟಿಗೆಯೊಳಗೆ ಓಡಿಸಿದರು. ಪೊಲೀಸು ಬಟ್ಟೆಯ ಹುಡುಗಿ ಚೀಲ ಬಿಚ್ಚಿ, ಸೀರೆ ಬಿಚ್ಚಿ, ನನ್ನ ಮುಖ ನೋಡಿದಳು.

"ಏನಜ್ಜಿ ಇದು?"

"ಸುತ್ತಿಗೆ."

"ವಿಮಾನದಲ್ಲಿ ಏನ್ ಒಡೀತೀರಾ?"

"ಹಿಡಿ ಇಲ್ಲ ಕಣಮ್ಮ, ಹೆಂಗೆ ಒಡೀಲಿ?"

ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಅವಳಿಗೂ ನಗು ಬಂತು, ಆದರೂ ಬಿಡಲಿಲ್ಲ. ಸುತ್ತಿಗೆ ದೊಡ್ಡ ಪೆಟ್ಟಿಗೆಗಳ ಜೊತೆ ವಿಮಾನದ ಹೊಟ್ಟೆಗೆ ಹೋಯಿತು.

ಜಾಂಬಿಯಾದ ಎನ್ಡೋಲಾದಲ್ಲಿ ಇಳಿದಾಗ ಇನ್ನೊಂದು ಪಂಚಾಯಿತಿ. ಅಲ್ಲಿನ ಅಧಿಕಾರಿ ಪೆಟ್ಟಿಗೆ ತೆಗೆಸಿ, ಸುತ್ತಿಗೆ ಕೈಗೆತ್ತಿಕೊಂಡು, ನನ್ನ ಪಾಸ್‌ಪೋರ್ಟು ನೋಡಿ ಏನೋ ಕೇಳಿದ. ನನಗೆ ತಿಳಿಯಲಿಲ್ಲ. ಕೈಯಲ್ಲಿ ಕುಟ್ಟುವ ಹಾಗೆ ಮಾಡಿ ತೋರಿಸಿದೆ. ಅದರಿಂದ ಕೆಲಸ ಕೆಟ್ಟಿತು. ಕಂಬಿಯ ಆಚೆ ನಿಂತಿದ್ದ ಅಳಿಯ ಮೇಷ್ಟ್ರು ಹಣೆ ಹಣೆ ಚಚ್ಚಿಕೊಂಡರು.

"ಅತ್ತೆ, ಕೈ ಆಡಿಸ್ಬೇಡಿ! ನೀವು ಇಲ್ಲಿ ಕೂಲಿ ಮಾಡಕ್ಕೆ ಬಂದಿದ್ದೀರಾ ಅಂತ ಕೇಳ್ತಾ ಇದಾರೆ. ನೋಡಕ್ಕೆ ಬಂದವರು ಕೆಲಸ ಮಾಡೋ ಹಾಗಿಲ್ಲ."

"ಪೂಜೆಗೆ ಅಂತ ಹೇಳಿ."

ಮೇಷ್ಟ್ರು ಹೇಳಿದರು. ಅಧಿಕಾರಿ ಕಬ್ಬಿಣದ ಸಂದಿನಲ್ಲಿ ಉಳಿದಿದ್ದ ಹಳೆಯ ಕುಂಕುಮವನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಎರಡು ಕೈಯಲ್ಲಿ ಹಿಡಿದು, ಸ್ವಲ್ಪ ಬಗ್ಗಿ, ನನ್ನ ಕೈಗೆ ಕೊಟ್ಟ. ಆ ದೇಶದಲ್ಲಿ ದೊಡ್ಡವರಿಗೆ ಏನು ಕೊಟ್ಟರೂ ಹಾಗೇ ಬಗ್ಗಿ ಕೊಡುತ್ತಾರೆ. ನಮ್ಮಲ್ಲಿ ಬಸ್ಸಿನ ಚಿಲ್ಲರೆ ಹೇಗೆ ಕೊಡುತ್ತಾರೆ ಅಂತ ನಿಮಗೇ ಗೊತ್ತು.

ರಸ್ತೆ ಪಕ್ಕದಲ್ಲಿ

ಎನ್ಡೋಲಾದಿಂದ ಗಣಿಯ ಊರಿಗೆ ಕಾರಿನಲ್ಲಿ ಹೋದೆವು. ಅಕ್ಟೋಬರ್ ತಿಂಗಳು ಅಲ್ಲಿ ಸುಡು ಬೇಸಿಗೆ. ಎಲೆಯೇ ಇಲ್ಲದ ಮರಗಳ ತುಂಬ ನೇರಳೆ ಬಣ್ಣದ ಹೂವು. ಮಣ್ಣು ನಮ್ಮ ಕೆಮ್ಮಣ್ಣಿಗಿಂತ ಕೆಂಪು. ದಾರಿಯುದ್ದಕ್ಕೂ ಇದ್ದಿಲ ಮೂಟೆ ಮಾರುವವರು, ಅವರ ಪಕ್ಕದಲ್ಲಿ ಜಲ್ಲಿ ಗುಡ್ಡೆಗಳು.

ಗುಡ್ಡೆಗಳ ಹಿಂದೆ ಹೆಂಗಸರು ಕೂತಿದ್ದರು.

"ಮೇಷ್ಟ್ರೇ, ಕಾರು ನಿಲ್ಲಿಸಿ" ಎಂದೆ.

"ಅತ್ತೆ, ಬಿಸಿಲು..."

"ನಿಲ್ಲಿಸಿ ಅಂದೆ."

ಇಳಿದು ಹೋದೆ. ನನಗಿಂತ ಸ್ವಲ್ಪ ಚಿಕ್ಕವಳು ಒಬ್ಬಳು, ಮಡಿಲಿಗೆ ಗೋಣಿಚೀಲ ಹಾಸಿಕೊಂಡು ಕಲ್ಲು ಕುಟ್ಟುತ್ತಿದ್ದಳು. ಕಲ್ಲು ಹಾರದಂತೆ ಹಿಡಿದದ್ದು ಯಾವುದರಿಂದ? ಟೈರಿನಿಂದ ಕತ್ತರಿಸಿದ ಬಳೆಯಿಂದ! ಸಮುದ್ರದ ಈಚೆ ಅದನ್ನು ಇವಳಿಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಕಣ್ಣು ಉಳಿಸಿಕೊಳ್ಳಬೇಕು ಅಂದರೆ ಎಲ್ಲಾ ಕಡೆಯ ಹೆಂಗಸರಿಗೂ ಹೊಳೆಯುವುದು ಅದೇ ಅಂತ ಕಾಣುತ್ತದೆ.

ನಾನು ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದೆ. ಅವಳು ಸುತ್ತಿಗೆ ಕೊಟ್ಟಳು. ಒಂದು ಕಲ್ಲು ತಿರುಗಿಸಿ ತಿರುಗಿಸಿ ನೋಡಿ ಒಂದೇ ಏಟಿಗೆ ಒಡೆದೆ. ಎರಡನೆಯದು ಒಡೆಯಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಳು, ಪಕ್ಕದವಳಿಗೆ ಏನೋ ಕೂಗಿ ಹೇಳಿದಳು. ಬೈದಳೋ ಹೊಗಳಿದಳೋ ತಿಳಿಯದು.

ಮೇಷ್ಟ್ರು ಸುತ್ತಮುತ್ತ ನೋಡುತ್ತ, "ಅತ್ತೆ, ಈಗ ತಾನೇ ಕೂಲಿ ಮಾಡಲ್ಲ ಅಂತ ಹೇಳಿ ಬಂದಿದ್ದೀವಿ" ಎಂದರು.

ರತ್ನಳ ಮನೆ

ರತ್ನಳ ಮನೆ ಸಣ್ಣದು, ಹಿಂದೆ ಒಂದು ಮಾವಿನ ಮರ. ಪಕ್ಕದ ಮನೆಯವರು ಸಂಜೆ ಮುಸುಕಿನ ಜೋಳದ ಹಿಟ್ಟಿನಲ್ಲಿ ತಿರುವಿದ ಗಟ್ಟಿ ಮುದ್ದೆ ಮಾಡುತ್ತಾರೆ, ಕುಂಬಳದ ಎಲೆಯ ಪಲ್ಯದ ಜೊತೆ ಕೈಯಲ್ಲಿ ತಿನ್ನುತ್ತಾರೆ. ನುಂಗುವುದಿಲ್ಲ, ಅಗಿಯುತ್ತಾರೆ, ಅದೊಂದು ಸರಿಹೋಗಲಿಲ್ಲ. ಮುದ್ದೆಯನ್ನು ಅಗಿದರೆ ಅದು ಮುದ್ದೆ ಹೇಗಾಗುತ್ತದೆ? ಅವರ ಮಕ್ಕಳು ನನ್ನನ್ನು ಕಂಡರೆ ಮಂಡಿಯೂರಿ ಮೆಲ್ಲಗೆ ಚಪ್ಪಾಳೆ ತಟ್ಟಿ "ಬಾ ಮಾಮಾ" ಅನ್ನುತ್ತಿದ್ದರು. ಮಾಮಾ ಅಂದರೆ ಅವರಲ್ಲಿ ಅಜ್ಜಿ. ಮೊದಲ ದಿನ ನಾನು ಹಿಂದೆ ತಿರುಗಿ ನೋಡಿದೆ, ಯಾವ ಗಂಡಸು ನಿಂತಿದ್ದಾನೆ ಅಂತ.

ಮನೆಯಲ್ಲಿ ಎಲ್ಲಾ ಚೆನ್ನಾಗಿತ್ತು, ರತ್ನಳ ಮುಖ ಒಂದು ಬಿಟ್ಟು. ಕೆಲಸದಿಂದ ಬಂದವಳು ಕೂಸಿಗೆ ಹಾಲು ಕೊಡುತ್ತ ಗೋಡೆ ನೋಡುತ್ತಿದ್ದಳು. ಒಂದು ಸಂಜೆ ಕೇಳಿಯೇಬಿಟ್ಟೆ.

"ಏನೇ ನಿಂದು?"

ಹೇಳಿದಳು. ಕಲ್ಲು ಪುಡಿ ಮಾಡುವ ಯಂತ್ರಗಳನ್ನೆಲ್ಲ ಎತ್ತರದ ಒಂದು ಗಾಜಿನ ಕೋಣೆಯಲ್ಲಿ ಕೂತು ನಡೆಸುತ್ತಾರೆ. ಆ ಕುರ್ಚಿಗೆ ಇವಳನ್ನೂ ಇನ್ನೊಬ್ಬ ಗಂಡಸನ್ನೂ ಪರೀಕ್ಷೆಯ ಮೇಲೆ ಹಾಕಿದ್ದಾರೆ. ಈ ವಾರದ ಕೊನೆಗೆ ಒಬ್ಬರಿಗೆ ಕುರ್ಚಿ ಖಾಯಂ. ಇನ್ನೊಬ್ಬರು ಕೆಳಗೆ ಹೋಗಿ ಕಲ್ಲಿನ ಮಾದರಿ ಚೀಲ ಹೊರಬೇಕು. ಆ ಕುರ್ಚಿಯಲ್ಲಿ ಅಲ್ಲಿಯವರೆಗೆ ಹೆಂಗಸು ಕೂತಿದ್ದೇ ಇಲ್ಲ.

"ನಿಂಗೆ ಕೆಲಸ ಬರಲ್ವಾ?"

"ಬತ್ತೈತೆ. ಅದೇ ತೊಂದ್ರೆ."

ಕಲ್ಲನ್ನು ಹೊತ್ತು ಸಾಗಿಸುವ ರಬ್ಬರಿನ ಬೆಲ್ಟಿಗೆ ಒಂದು ಕಾವಲು ಇದೆ. ಕಲ್ಲಿನ ಜೊತೆ ಕಬ್ಬಿಣದ ಚೂರು ಬಂದರೆ ಗಂಟೆ ಹೊಡೆದು ಬೆಲ್ಟು ನಿಲ್ಲಿಸುತ್ತದೆ. ಆದರೆ ಆ ಕಾವಲು ಕೆಲವು ದಿನಗಳಿಂದ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು, ಹೋಗಿ ನೋಡಿದರೆ ಬರೀ ಕಲ್ಲು. ಉಳಿದವರು ಗಂಟೆ ಹೊಡೆದರೆ ಕೂತಲ್ಲೇ ಗುಂಡಿ ಒತ್ತಿ ಮತ್ತೆ ಓಡಿಸುತ್ತಿದ್ದರು. ರತ್ನ ಮಾತ್ರ ಪ್ರತಿ ಸಲ ಇಳಿದು ಹೋಗಿ ಬೆಲ್ಟಿನ ಉದ್ದಕ್ಕೂ ನಡೆದು ನೋಡಿ ಬರುತ್ತಿದ್ದಳು. ಅವಳು ನಡೆಯುವಷ್ಟು ಹೊತ್ತೂ ಯಂತ್ರ ನಿಲ್ಲುತ್ತಿತ್ತು. ಅವಳ ಪಾಳಿಯಲ್ಲಿ ಕಲ್ಲು ಕಡಿಮೆ ಇಳಿಯುತ್ತಿತ್ತು. ಮೇಲಿನವರು ಮ್ವಾಪೆ ಅಂತ, ಅವರಿಗೆ ಇದು ಸರಿಬರುತ್ತಿರಲಿಲ್ಲ.

"'ರತ್ನ ನಡೆಯೋಕೆ ಸಂಬಳ ತಗೋತಾಳೆ' ಅಂತ ಎಲ್ಲರ ಎದುರಿಗೇ ಅಂದ್ರು ಕಣವ್ವ."

"ಎಲ್ಲರ ಹಂಗೆ ನೀನೂ ಒತ್ತು."

"ಒತ್ತಿದ ದಿನವೇ ನಿಜವಾಗಿ ಕಬ್ಬಿಣ ಬಂದ್ರೆ?"

"ಬರದಿದ್ರೆ ಚೀಲ ಹೊತ್ಕಂಡ್ ಓಡಾಡ್ತೀಯಲ್ಲ" ಎಂದೆ. ಅವಳು ಕೂಸನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಒಳಗೆ ಹೋದಳು. ಮಗಳ ಹಟ ಯಾರದು ಅಂತ ನಾನು ಕೇಳಲಿಲ್ಲ.

ಗಣಿ

ಆಯುಧಪೂಜೆಯ ದಿನ ಬೆಳಿಗ್ಗೆ ಕಲ್ಲು ಒಡೆಯುವ ಯಂತ್ರಗಳನ್ನು ರಿಪೇರಿಗೆ ನಿಲ್ಲಿಸುವವರಿದ್ದರು. ರತ್ನ ಮ್ವಾಪೆಯವರ ಹತ್ತಿರ ಕೇಳಿ, ನನ್ನನ್ನು ಒಳಗೆ ಕರೆದುಕೊಂಡು ಹೋಗಲು ಒಪ್ಪಿಗೆ ತಂದಳು. ಯಂತ್ರಕ್ಕೆ ಕುಂಕುಮ ಇಡಬಹುದು, ಬೆಂಕಿ ಹಚ್ಚುವಂತಿಲ್ಲ, ಕಾಯಿ ಒಡೆಯುವಂತಿಲ್ಲ. ಕೂಸಿನ ಜೊತೆ ಮೇಷ್ಟ್ರು ಉಳಿದರು.

ಗೇಟಿನಲ್ಲಿ ನನ್ನ ತುರುಬಿನ ಮೇಲೆ ಒಂದು ಗಟ್ಟಿ ಟೋಪಿ ಕೂರಿಸಿದರು, ಕಾಲಿಗೆ ಗಂಡಸರ ಬೂಟು ಹಾಕಿಸಿದರು, ಸೀರೆಯನ್ನು ಕಚ್ಚೆ ಹಾಕಿಸಿದರು. ಮ್ವಾಪೆ ದೊಡ್ಡ ಆಳು, ಗಡ್ಡ ಅರ್ಧ ನೆರೆತಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಗದೆ, ತಲೆಬಾಗಿ ಚಪ್ಪಾಳೆ ತಟ್ಟಿದರು.

ಮೊದಲು ಕಲ್ಲು ತೆಗೆಯುವ ಹಳ್ಳ ತೋರಿಸಿದರು. ಹುಲಿಕೆರೆಯ ಕಲ್ಯಾಣಿ ನೋಡಿದ್ದೀರಲ್ಲ, ಸುತ್ತಲೂ ಮೆಟ್ಟಿಲು ಇಳಿಯುತ್ತಾ ಹೋಗುತ್ತದಲ್ಲ, ಹಾಗೆ. ಆದರೆ ಆ ಒಂದೊಂದು ಮೆಟ್ಟಿಲ ಮರೆಯಲ್ಲೂ ನಮ್ಮ ಊರಿನ ತೆಂಗಿನ ಮರ ಅಡಗಿ ನಿಲ್ಲಬಹುದು. ಮೆಟ್ಟಿಲು ಇಳಿದು ಇಳಿದು ತಳ ಮಸುಕಾಗುತ್ತದೆ. ತಳದಲ್ಲಿ ಇರುವೆ ಹರಿದಂತೆ ಏನೋ ಹರಿಯುತ್ತಿತ್ತು. "ಅವು ಲಾರಿ ಕಣವ್ವ" ಎಂದಳು ರತ್ನ. ಒಂದು ಲಾರಿ ಮೇಲೆ ಬಂದಾಗ ನೋಡಿದೆ, ಅದರ ಚಕ್ರವೇ ನಮ್ಮ ಮನೆಯ ಬಾಗಿಲಿಗಿಂತ ಎತ್ತರ. ನಾನು ಕಂಬಿ ಹಿಡಿದುಕೊಂಡೆ. ಅಷ್ಟು ದೊಡ್ಡ ಹಳ್ಳ ತೋಡಿದ್ದು ಮನುಷ್ಯರೇ ಅನ್ನುವುದು ಎಷ್ಟು ಹೊತ್ತಾದರೂ ತಲೆಗೆ ಹೋಗಲಿಲ್ಲ.

ಆಮೇಲೆ ನೋಡಿದ್ದು ಗಿರಣಿ. ಅದನ್ನು ನಿಲ್ಲಿಸುವುದೇ ಇಲ್ಲವಂತೆ. ಮಲಗಿಸಿದ ದೊಡ್ಡ ಪೀಪಾಯಿ, ಒಳಗೆ ಸಣ್ಣ ಕಲ್ಲು, ನೀರು, ಜೊತೆಗೆ ರಾಶಿ ರಾಶಿ ಕಬ್ಬಿಣದ ಗುಂಡುಗಳು. ಪೀಪಾಯಿ ತಿರುಗಿದರೆ ಗುಂಡುಗಳು ಮೇಲೇರಿ ಮೇಲೇರಿ ಕಲ್ಲಿನ ಮೇಲೆ ಬೀಳುತ್ತವೆ. ನಾವು ಹಿಟ್ಟು ರುಬ್ಬುವ ಯಂತ್ರದ ಅಜ್ಜ ಅಂದುಕೊಳ್ಳಿ. ಆಚೆ ಬಾಯಲ್ಲಿ ಕಲ್ಲು ದೋಸೆ ಹಿಟ್ಟಿನ ಹಾಗೆ ಹರಿದು ಬರುತ್ತದೆ. ಆ ಹಿಟ್ಟನ್ನು ತೊಟ್ಟಿಗೆ ಬಿಟ್ಟು, ಏನೋ ಎಣ್ಣೆ ಸೇರಿಸಿ, ಗಾಳಿ ಊದುತ್ತಾರೆ. ನೊರೆ ಏಳುತ್ತದೆ. ಆ ನೊರೆಗೆ ತಾಮ್ರದ ಕಣ ಅಂಟಿಕೊಂಡು ಮೇಲೆ ಬರುತ್ತದೆ, ಬರೀ ಕಲ್ಲು ಕೆಳಗೆ ಉಳಿಯುತ್ತದೆ. ಕಾಯಿಸಿದ ಹಾಲಿನ ಮೇಲಿಂದ ಕೆನೆ ತೆಗೆದ ಹಾಗೆ ತಾಮ್ರವನ್ನು ತೆಗೆಯುತ್ತಾರೆ. ನೊರೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಬೆರಳು ಅದ್ದಲು ಹೋದೆ, ರತ್ನ ಕೈ ಮೇಲೆ ಹೊಡೆದಳು.

ಹಳೇಬೀಡಿನ ಗುಡಿಯಲ್ಲಿ ಕಲ್ಲನ್ನು ಸರ ಮಾಡಿದರು, ಹೂವು ಮಾಡಿದರು. ನಾವು ಕಲ್ಲನ್ನು ಜಲ್ಲಿ ಮಾಡಿದೆವು. ಇವರು ಕಲ್ಲನ್ನು ಹಾಲು ಮಾಡಿಬಿಟ್ಟಿದ್ದಾರೆ.

ಯಂತ್ರದ ಬಾಯಿ

ಕಲ್ಲು ಒಡೆಯುವ ಯಂತ್ರದ ಹತ್ತಿರ ಬಂದಾಗ ಅದು ಸುಮ್ಮನೆ ನಿಂತಿತ್ತು. ಮೇಲಿನ ಕಟ್ಟೆಯಿಂದ ಬಗ್ಗಿ ನೋಡಿದೆ. ಎರಡು ದವಡೆ. ಒಂದು ಗೋಡೆಯ ಹಾಗೆ ಅಲ್ಲಾಡದೆ ನಿಲ್ಲುತ್ತದೆ. ಇನ್ನೊಂದು ಅದರ ಕಡೆಗೆ ಬಂದು ಹೋಗಿ ಮಾಡುತ್ತದೆ. ಮೇಲೆ ಬಾಯಿ ಅಗಲ, ಕೆಳಗೆ ಹೋದಂತೆ ಕಿರಿದು. ದವಡೆಗೆ ಏಣು ಏಣಾಗಿ ಹಲ್ಲಿನ ಸಾಲು, ಕಲ್ಲು ತಿಂದು ತಿಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಇದು ಕಲ್ಲಿಗೆ ಹೊಡೆಯಲ್ಲ ಕಣವ್ವ. ಹಿಂಡ್ತದೆ" ಎಂದಳು ರತ್ನ. "ಹಿಂಡಿದಾಗ ಕಲ್ಲು ತನ್ನ ಬಿರುಕು ತಾನೇ ಹುಡುಕ್ಕಂಡು ಒಡೆಯುತ್ತೆ. ಚೂರು ಕೆಳಗೆ ಜಾರುತ್ತೆ, ಮತ್ತೆ ಹಿಂಡುತ್ತೆ, ಮತ್ತೆ ಜಾರುತ್ತೆ."

ಅಲ್ಲಿಂದ ಉರುಳಿದ ಕಲ್ಲು ಬೆಲ್ಟಿನ ಮೇಲೆ ಎರಡನೇ ಯಂತ್ರಕ್ಕೆ ಹೋಗುತ್ತದೆ. ಅದು ಒರಳುಕಲ್ಲಿನ ಜಾತಿ. ಆದರೆ ಒಳಗಿನ ಗುಂಡು ನಮ್ಮ ಒರಳಿನ ಗುಂಡಿನ ಹಾಗೆ ಸುತ್ತುವುದಿಲ್ಲ, ಓಲಾಡುತ್ತದೆ. ಓಲಾಡುತ್ತ ಒಂದೊಂದು ಗಳಿಗೆ ಒಂದೊಂದು ಕಡೆಯ ಗೋಡೆಗೆ ಕಲ್ಲನ್ನು ಅದುಮುತ್ತದೆ. ಕೆಳಗಿನ ಸಂದು ನಿಂಬೆಹಣ್ಣಿನಷ್ಟು. ಅಲ್ಲಿಂದ ಬಿದ್ದದ್ದು ದೊಡ್ಡ ದೊಡ್ಡ ಜರಡಿಗೆ ಹೋಗುತ್ತದೆ. ಜರಡಿಯಲ್ಲಿ ಇಳಿದದ್ದು ಗಿರಣಿಗೆ, ಇಳಿಯದ್ದು ಮತ್ತೆ ಒರಳಿಗೆ. ನಾವು ರಾಗಿ ಹಿಟ್ಟು ಜರಡಿ ಹಿಡಿದು ತರಿಯನ್ನು ಮತ್ತೆ ಬೀಸುವುದಿಲ್ಲವೇ, ಅದೇ ಲೆಕ್ಕ. ದೊಡ್ಡದಾಗಿದೆ, ಅಷ್ಟೇ. ಆದರೆ ಆ 'ಅಷ್ಟೇ' ಎಷ್ಟು ಅಂತ ಅಲ್ಲಿ ನಿಂತವರಿಗೇ ಗೊತ್ತು.

"ಒರಳಿಗೆ ಕಬ್ಬಿಣ ಬಿದ್ರೆ?" ಎಂದೆ.

"ಕಲ್ಲು ಎಷ್ಟು ಗಟ್ಟಿ ಇದ್ರೂ ಒಡೆಯುತ್ತೆ. ಕಬ್ಬಿಣ ಒಡೆಯಲ್ಲ, ಸಿಕ್ಕಾಕ್ಕೊಳ್ಳುತ್ತೆ. ಆಗ ಒಡೆಯೋದು ಯಂತ್ರ."

ಎರಡನೇ ಯಂತ್ರದ ಬೆಲ್ಟಿನ ಪಕ್ಕದಲ್ಲಿ ಕಬ್ಬಿಣದ ಚೌಕಟ್ಟಿಗೆ ಒಂದು ಅಗಲವಾದ ಪಟ್ಟಿ ಇತ್ತು, ಅಡುಗೆಮನೆಯ ಗೂಡಿನ ಹಾಗೆ. ಅಲ್ಲೇ ಪೂಜೆ ಮಾಡಿದೆವು. ಸುತ್ತಿಗೆ ಇಟ್ಟು, ಕುಂಕುಮ ಇಟ್ಟು, ನೇರಳೆ ಹೂವು ಹಾಕಿ, ಯಂತ್ರದ ಮೈಗೂ ಬೊಟ್ಟಿಟ್ಟು, ನಿಂಬೆಹಣ್ಣು ಇಟ್ಟೆ. ರತ್ನ ಕಣ್ಣು ಮುಚ್ಚಿ ಸ್ವಲ್ಪ ಜಾಸ್ತಿ ಹೊತ್ತೇ ನಿಂತಳು. ಕುರ್ಚಿ ಕೇಳಿಕೊಂಡಳು ಅಂತ ನನಗೆ ಗೊತ್ತಾಯಿತು.

ಅಷ್ಟರಲ್ಲಿ ಅವಳ ಸೊಂಟದಲ್ಲಿದ್ದ ವಾಕಿಟಾಕಿ ಕೂಗಿತು. ಯಂತ್ರ ಶುರು ಮಾಡುವ ಹೊತ್ತು, ಮೇಲೆ ಬಾ ಎಂದು ಮ್ವಾಪೆ ಕರೆಯುತ್ತಿದ್ದರು.

"ಅವ್ವಾ, ಎಲ್ಲಾ ಎತ್ಕೊಂಡು ಬೇಗ ಬಾ. ಇಲ್ಲೇನೂ ಬಿಡಂಗಿಲ್ಲ" ಎಂದು ಮುಂದೆ ಮೆಟ್ಟಿಲು ಹತ್ತಿದಳು.

ಹೂವು ಎತ್ತಿದೆ, ನಿಂಬೆಹಣ್ಣು ಎತ್ತಿದೆ, ಕುಂಕುಮದ ಭರಣಿ ಎತ್ತಿದೆ. ಸುತ್ತಿಗೆ ಎತ್ತಲು ಹೋದ ಕೈ ತಾನಾಗಿ ಹಿಂದೆ ಬಂತು. ಪೂಜೆಯಾದ ಆಯುಧವನ್ನು ಅವತ್ತೇ ಎತ್ತುವುದು ಎಲ್ಲಾದರೂ ಉಂಟೇ? ಇಷ್ಟು ವರ್ಷ ಎತ್ತಿಲ್ಲ. ಪಟ್ಟಿಯ ಮೂಲೆಗೆ, ಯಾರ ಕಣ್ಣಿಗೂ ಬೀಳದ ಹಾಗೆ, ಒಳಗೆ ನೂಕಿಟ್ಟೆ. ನಾಳೆ ರತ್ನಳೇ ಕೈಮುಗಿದು ತರಲಿ ಅಂದುಕೊಂಡು ಮೇಲೆ ಹೋದೆ.

ಗಾಜಿನ ಕೋಣೆ

ಗಾಜಿನ ಕೋಣೆಯ ಒಂದು ಗೋಡೆಗೆ ದೊಡ್ಡ ಕಬ್ಬಿಣದ ಹಲಗೆ ಇತ್ತು. ಅದರ ತುಂಬ ಮೊಂಡಾದ ಕೊರೆಯುವ ಸಲಾಕೆ, ಮುರಿದ ಸ್ಪಾನರು, ಮಣ್ಣು ಬಾಚುವ ಯಂತ್ರದ ಹಲ್ಲು ಎಲ್ಲಾ ನೇತು ಹಾಕಿದ್ದರು. ಬೆಲ್ಟಿನ ಮೇಲೆ ಸಿಕ್ಕಿದ ಕಬ್ಬಿಣವಂತೆ. ಒಂದೊಂದರ ಕೆಳಗೂ ಹಿಡಿದವರ ಹೆಸರು. ಮೂಲೆಯಲ್ಲಿ ನನಗೊಂದು ಸ್ಟೂಲು ಹಾಕಿದರು.

ರತ್ನ ಕುರ್ಚಿಯಲ್ಲಿ ಕೂತು ಒಂದೊಂದೇ ಗುಂಡಿ ಒತ್ತಿದಳು. ಕೊನೆಯ ಬೆಲ್ಟು ಮೊದಲು ಓಡಬೇಕು, ಆಮೇಲೆ ಅದರ ಹಿಂದಿನದು, ಕಡೆಗೆ ದವಡೆ. ಇಲ್ಲದಿದ್ದರೆ ಕಲ್ಲು ನಡುವೆ ಗುಡ್ಡೆ ಬೀಳುತ್ತದೆ. ದವಡೆಯ ಎರಡು ಪಕ್ಕದ ಚಕ್ರಗಳು ನಿಧಾನಕ್ಕೆ ತಿರುಗಿದವು, ಆಮೇಲೆ ವೇಗವಾಗಿ. ಕಾಲ ಕೆಳಗಿನ ನೆಲದ ನಡುಕ ನನ್ನ ಹಲ್ಲಿನವರೆಗೂ ಬಂತು. ಒಂದು ಲಾರಿ ಹಿಂದೆ ಹಿಂದೆ ಬಂದು ಬೆನ್ನು ಎತ್ತಿ ಕಲ್ಲು ಸುರಿಯಿತು.

ಎತ್ತಿನಷ್ಟು ದಪ್ಪದ ಬಂಡೆಯೊಂದು ದವಡೆಯ ನಡುವೆ ಕೂತಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಅದು ನಿಂತಲ್ಲೇ ಸೀಳಿತು. ಗುಡುಗಿನ ಸದ್ದಲ್ಲ, ಎಲುಬು ಮುರಿದ ಸದ್ದು. ಅರ್ಧ ಇಳಿಯಿತು, ಮತ್ತೆ ಸೀಳಿತು, ಇಲ್ಲವಾಯಿತು. ಹಸು ಮೆಲುಕು ಹಾಕುವಷ್ಟು ನೆಮ್ಮದಿಯಾಗಿ ಆ ದವಡೆ ಆಡುತ್ತಲೇ ಇತ್ತು. ಅಂಥ ಒಂದು ಬಂಡೆಗೆ ನಾವು ಹೆಂಗಸರೆಲ್ಲ ಸೇರಿ ಎಷ್ಟು ದಿನ ಕೂರುತ್ತಿದ್ದೆವು! ದೇವರ ಮುಂದೆ ನಿಂತಾಗಲೂ ನನ್ನ ಮೈ ಹಾಗೆ ಜುಮ್ಮೆಂದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮತ್ತು ಅದನ್ನು ಆಡಿಸುತ್ತಿದ್ದದ್ದು ನನ್ನ ಮಗಳ ಒಂದು ಬೆರಳು.

ಲಾರಿಯ ಮೇಲೆ ಲಾರಿ ಬಂತು. ಮ್ವಾಪೆ ಬಂದು ನೋಡಿ, ಕಲ್ಲು ಚೆನ್ನಾಗಿ ಇಳಿಯುತ್ತಿದೆ ಅಂತ ತಲೆ ಆಡಿಸಿ ಕೆಳಗೆ ಹೋದರು. ರತ್ನಳ ಭುಜ ಸ್ವಲ್ಪ ಸಡಿಲವಾಯಿತು.

ಆಗ ಗಂಟೆ ಹೊಡೆಯಿತು.

ಎರಡನೇ ಯಂತ್ರಕ್ಕೆ ಹೋಗುವ ಬೆಲ್ಟು ನಿಂತಿತು. ದವಡೆಗೆ ಕಲ್ಲು ಬೀಳುವುದೂ ನಿಂತಿತು. ಹೊರಗೆ ಲಾರಿಗಳು ಸಾಲುಗಟ್ಟಿದವು. ವಾಕಿಟಾಕಿಯಲ್ಲಿ ಮ್ವಾಪೆಯವರ ದನಿ. ಮಾತು ತಿಳಿಯದಿದ್ದರೂ ಸಿಟ್ಟು ತಿಳಿಯಿತು.

"ಏನಂತೆ?"

"ಗುಂಡಿ ಒತ್ತು, ನಡೆಯೋಕೆ ಹೋಗಬೇಡ ಅಂತಾರೆ."

ಅವಳ ಬೆರಳು ಗುಂಡಿಯ ಮೇಲೆ ಇತ್ತು. ಆ ಒಂದು ಗುಂಡಿ ಒತ್ತಿದ್ದರೆ ವಾರದ ಕೊನೆಗೆ ಕುರ್ಚಿ ಸಿಗುತ್ತಿತ್ತೇನೋ. ಅವಳು ಎದ್ದಳು. ಗೋಡೆಯಿಂದ ತನ್ನ ಹೆಸರಿನ ಬೀಗ ತೆಗೆದುಕೊಂಡಳು. ಆ ಬೀಗ ಬೆಲ್ಟಿನ ಸ್ವಿಚ್ಚಿಗೆ ಹಾಕಿ, ಬೀಗದ ಕೈ ಜೇಬಿಗೆ ಇಳಿಸಿಕೊಂಡೇ ಅವರು ಬೆಲ್ಟಿನ ಹತ್ತಿರ ಹೋಗುವುದು. ಆಮೇಲೆ ಯಾರು ಬಂದರೂ ಅದನ್ನು ಓಡಿಸಲಾರರು.

ಗಾಜಿನಿಂದ ನೋಡುತ್ತಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬೆಲ್ಟಿನ ಪಕ್ಕ ಅವಳು ಸಣ್ಣಗೆ ನಡೆದು ಹೋಗುತ್ತಿದ್ದಳು, ಕಲ್ಲಿನ ಮೇಲೆ ಕೈ ಆಡಿಸುತ್ತ. ಒಂದು ಕಡೆ ನಿಂತಳು. ಬಗ್ಗಿದಳು. ಎರಡು ಕೈಯಲ್ಲಿ ಏನೋ ಎತ್ತಿದಳು. ಅಷ್ಟು ದೂರದಿಂದ ಅದು ಏನು ಅಂತ ಕಾಣುವುದಿಲ್ಲ. ಆದರೆ ಅವಳು ಅದನ್ನು ಸೆರಗಿಲ್ಲದ ಅಂಗಿಗೆ ಒರೆಸಿ ಹಣೆಗೆ ಒತ್ತಿಕೊಂಡಳು.

ನಡುಕಕ್ಕೆ ಜಾರಿ ಜಾರಿ, ಪಟ್ಟಿಯಿಂದ ಆಯತಪ್ಪಿ, ನನ್ನ ಸುತ್ತಿಗೆ ಬೆಲ್ಟಿನ ಮೇಲೆ ಬಿದ್ದಿತ್ತು.

ಅವಳು ಮೆಟ್ಟಿಲು ಹತ್ತಿ ಬಂದು ಸುತ್ತಿಗೆಯನ್ನು ಮೇಜಿನ ಮೇಲೆ ಇಟ್ಟಳು. ಸಂದಿನಲ್ಲಿ ಕುಂಕುಮ ಹಾಗೇ ಇತ್ತು.

"ಅವ್ವಾ, ಎಲ್ಲಾ ಎತ್ಕೊಂಡು ಬಾ ಅಂದಿದ್ನಲ್ಲ."

"ಪೂಜೆ ಆದದ್ದನ್ನ ಹೆಂಗೆ ಎತ್ತಲೇ?"

ಪದ್ಧತಿ ಅವಳಿಗೂ ಗೊತ್ತು. ಹಿಂದೆಯೇ ಮ್ವಾಪೆ ಬಂದರು, ಬೆವರು ಒರೆಸಿಕೊಳ್ಳುತ್ತ, ಬೈಯಲು ಸಿದ್ಧವಾಗಿ. ಮೇಜಿನ ಮೇಲಿದ್ದದ್ದು ನೋಡಿ ನಿಂತರು. ಯಾರದು ಅಂತ ಕೇಳಿದರು.

ಗಣಿಯಿಂದ ಎಂಥೆಂಥ ಕಬ್ಬಿಣವೋ ಬರುತ್ತದೆ, ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ರತ್ನ ನನ್ನ ಕಡೆ ನೋಡದೆ ಹೇಳಿದಳು. ಅವಳ ಮಾತಿನಲ್ಲಿ 'ಮದರ್' ಅನ್ನುವುದು ನನಗೂ ಕೇಳಿಸಿತು. ನಾನು ಸ್ಟೂಲಿನಿಂದ ಎದ್ದು, "ನಂದೇ. ಅವಳು ಎತ್ತು ಅಂದಿದ್ಲು, ನಾನು ಎತ್ತಲಿಲ್ಲ. ಬೈಯೋದಿದ್ರೆ ನನಗೆ ಬೈಯಿರಿ" ಎಂದೆ. ಕನ್ನಡದಲ್ಲೇ. ಅವರಿಗೆ ಅರ್ಥವಾಗಿರಬೇಕು.

ಯಾಕೆ ಎತ್ತಲಿಲ್ಲ ಅಂತ ಕೇಳಿದರು. ರತ್ನ ಪದ್ಧತಿ ವಿವರಿಸಿದಳು. ಅವರು ಸುತ್ತಿಗೆಯನ್ನು ಕೈಯಲ್ಲಿ ತೂಗಿ, ಗಾಜಿನಿಂದ ಎರಡನೇ ಯಂತ್ರದ ಕಡೆ ನೋಡಿದರು, ಮತ್ತೆ ಸುತ್ತಿಗೆ ನೋಡಿದರು. ಆ ಸಂದು ನಿಂಬೆಹಣ್ಣಿನಷ್ಟು ಅಂತ ಆಗಲೇ ಹೇಳಿದೆನಲ್ಲ. ಗುಂಡಿ ಒತ್ತು ಅಂದವರು ಅವರೇ.

ಕಡೆಗೆ ಕುರ್ಚಿಯ ಬೆನ್ನಿಗೆ ಕೈ ಹಾಕಿ, ಅದನ್ನು ರತ್ನಳ ಕಡೆಗೆ ತಿರುಗಿಸಿ ಏನೋ ಹೇಳಿದರು. ಅವಳು ಕೂತು, ಬೀಗದ ಕೈ ಜೇಬಿನಿಂದ ತೆಗೆದಳು.

"ಏನಂದ್ರೇ?"

"ಕೂತ್ಕೋ, ಇನ್ಮೇಲೆ ಇದು ನಿಂದು ಅಂದ್ರು. ಗಂಟೆ ಹೊಡೆದ್ರೆ ಇನ್ಮೇಲೆ ಎಲ್ಲರೂ ನಡೀಬೇಕಂತೆ, ಅವರೂ ಸೇರಿ."

"ಮತ್ತೆ ನಂಗೆ?"

"ನೀನು ಇನ್ನೊಂದ್ ಸಲ ಈ ಗೇಟಿನ ಒಳಗೆ ಕಾಲಿಡಂಗಿಲ್ಲವಂತೆ."

ಮ್ವಾಪೆ ನನ್ನ ಕಡೆ ತಿರುಗಿ ತಲೆಬಾಗಿ ಚಪ್ಪಾಳೆ ತಟ್ಟಿದರು. ಹೊರಗೆ ಹಾಕುವುದಕ್ಕೂ ಮರ್ಯಾದೆ ಮಾಡಿ ಹಾಕಿದರು. ನಾನು ಸುತ್ತಿಗೆಗೆ ಕೈ ಚಾಚಿದೆ. ಅವರು ಕೊಡಲಿಲ್ಲ. ಬೆಲ್ಟಿನ ಮೇಲೆ ಸಿಕ್ಕಿದ ಕಬ್ಬಿಣ ವಾಪಸ್ ಕೊಡುವ ನಿಯಮವಿಲ್ಲವಂತೆ. ಹಲಗೆಯ ಕಡೆ ಬೆರಳು ತೋರಿಸಿದರು. ನಾನು ಜಗಳವಾಡಿದೆ, ಅವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಎಷ್ಟು ಆಡಬಹುದೋ ಅಷ್ಟು. ರತ್ನ ಒಂದು ಮಾತನ್ನೂ ಅನುವಾದ ಮಾಡಿಕೊಡಲಿಲ್ಲ.

ಮತ್ತೆ ಜಾವಗಲ್

ಮೊದಲ ಮಳೆ ಬಿದ್ದ ವಾರ ವಾಪಸ್ ಹೊರಟೆ. ಎನ್ಡೋಲಾ ದಾರಿಯಲ್ಲಿ ಆ ಹೆಂಗಸು ಅದೇ ಜಾಗದಲ್ಲಿ ಕೂತಿದ್ದಳು. ಕಾರಿನಿಂದಲೇ ಕೈ ಎತ್ತಿದೆ, ಅವಳು ಸುತ್ತಿಗೆ ಎತ್ತಿದಳು. ಅವಳ ಊರಿನಲ್ಲೇ ಅಂಥ ದವಡೆ ಇದೆ, ಅವಳು ಮಾತ್ರ ಟೈರಿನ ಬಳೆ ಹಿಡಿದು ಕೂತಿದ್ದಾಳೆ. ಇದಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಅಳಿಯ ಮೇಷ್ಟ್ರೇ ಆದರೂ ಅವರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಇಳಿದಾಗ ನನ್ನ ಚೀಲವನ್ನು ಯಾರೂ ಬಿಚ್ಚಿಸಲಿಲ್ಲ.

ಮುಂದಿನ ವರ್ಷ ಆಯುಧಪೂಜೆಗೆ ಕುಡುಗೋಲು, ಈಳಿಗೆಮಣೆ ತೊಳೆದಿಟ್ಟೆ. ನಡುವೆ ಸುತ್ತಿಗೆಯ ಜಾಗ ಖಾಲಿ ಬಿಟ್ಟಿದ್ದೆ. ಸಂಜೆ ರತ್ನಳ ಫೋನು ಬಂತು.

"ಅವ್ವಾ, ಸುತ್ತಿಗೆಗೆ ಕುಂಕುಮ ಇಟ್ಟೆ. ಮ್ವಾಪೆನೂ ನಿಂತಿದ್ರು."

"ಪೂಜೆ ಆದ್ಮೇಲೆ ಯಾರೂ ಎತ್ತಿಲ್ಲ ತಾನೇ?"

"ಎತ್ತಕ್ಕೆ ಆಗಲ್ಲ ಕಣವ್ವ. ಇನ್ನೊಂದ್ ಸಲ ಬಿದ್ದೀತು ಅಂತ ಅವರು ಅದನ್ನ ಹಲಗೆಗೆ ವೆಲ್ಡಿಂಗ್ ಮಾಡಿಸಿಬಿಟ್ಟಿದಾರೆ."

ಒಳ್ಳೆಯದೇ ಆಯಿತು ಎಂದೆ. ಫೋನ್ ಇಟ್ಟು ಬಂದು, ಖಾಲಿ ಬಿಟ್ಟಿದ್ದ ಜಾಗಕ್ಕೆ ಈಳಿಗೆಮಣೆ ಸರಿಸಿದೆ.